ಇವರು ಹೊಡೆದದ್ದಲ್ಲ

ಫೆಬ್ರವರಿ 11, 2025, ಮಂಗಳವಾರ

ಇವತ್ತೂ ಜಾರಿದೆ. ಮೂರು ಸಲ. ತಪ್ಪು ಕಂಬದ್ದಲ್ಲ, ನನ್ನದೇ — ನಿನ್ನೆ ಕಾಲು ಒಡೆದಿದೆ ಎಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ. ಕಲಿಸುವ ನಿಸರ್ಗ ಮೇಡಂ ಕಂಬ ಮುಟ್ಟಿ ನೋಡಿ, ಯಾರದು ಎಣ್ಣೆ ಎಂದರು. ಮೂವತ್ತೊಂಬತ್ತು ವರ್ಷದವಳು, ಸರ್ಕಾರಿ ಕಚೇರಿಯ ಗುಮಾಸ್ತೆ, ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಕೈ ಎತ್ತಿದೆ. ಇನ್ನು ಮೈಗೆ ಎಣ್ಣೆ, ಕ್ರೀಮ್ ಏನೂ ಇಲ್ಲ. ಒಣ ಚರ್ಮವಾದರೇ ಸ್ಟೀಲು ಹಿಡಿಯುವುದು. ಚಡ್ಡಿಯೂ ಅದಕ್ಕೇ. ಮೊದಲ ದಿನ ಲೆಗ್ಗಿಂಗ್ಸ್‌ನಲ್ಲೇ ಹತ್ತುತ್ತೇನೆಂದು ಹಟ ಮಾಡಿ ಧೊಪ್ಪನೆ ಕೂತದ್ದು ನೆನೆದರೆ ಈಗಲೂ ನಾಚಿಕೆ.

ಹಾಸನದ ಸಾಲಗಾಮೆ ರಸ್ತೆ, ಪೇಂಟ್ ಅಂಗಡಿ ಮೇಲಿನ ಮಹಡಿ. ಬೋರ್ಡಿನಲ್ಲಿ 'ಲೇಡೀಸ್ ಫಿಟ್‌ನೆಸ್' ಎಂದಷ್ಟೇ ಇದೆ. ಒಳಗೆ ನೆಲದಿಂದ ಸೂರಿನವರೆಗೆ ಎರಡು ಸ್ಟೀಲ್ ಕಂಬ. ಪೋಲ್ ಡ್ಯಾನ್ಸ್, ಕಂಬ ಹತ್ತಿ ಅದರ ಮೇಲೇ ಮಾಡುವ ಕಸರತ್ತು. ಬೆಳಗ್ಗೆ ಆರೂಕಾಲಿಗೆ ನಾವು ಮೂರೇ ಜನ. ಗಂಡಸರು ಬರುವ ಹಾಗಿಲ್ಲ, ಫೋನ್ ತೆಗೆಯುವ ಹಾಗಿಲ್ಲ. ಮನೆಯಲ್ಲಿ ಯೋಗ ಎಂದು ಹೇಳಿದ್ದೇನೆ.

ಫೆಬ್ರವರಿ 19, ಬುಧವಾರ

ಹತ್ತಿದೆ!! ಹತ್ತಿ ಕೂತೆ. ಎರಡು ತೊಡೆಯ ನಡುವೆ ಕಂಬ ಅವುಚಿಕೊಂಡು, ಎರಡೂ ಕೈ ಬಿಟ್ಟು. ಐದು ಸೆಕೆಂಡ್ ಇರಬಹುದು. ಉರಿಗೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಗರ್ಭಕೋಶ ತೆಗೆಸಿ ಮೂರು ವರ್ಷ. ಅವತ್ತಿನಿಂದ ಭಾರ ಎತ್ತಬೇಡ ಎಂಬ ಮಾತು ಕೇಳದ ದಿನವಿಲ್ಲ. ಎಲ್ಲ ಎತ್ತಬಹುದು ಎಂದು ಡಾಕ್ಟರೇ ಹೇಳಿ ಎರಡೂವರೆ ವರ್ಷವಾಯಿತು, ಅದು ಮಾತ್ರ ಮನೆಯಲ್ಲಿ ಯಾರ ಕಿವಿಗೂ ಬಿದ್ದಿಲ್ಲ. ಇವರು ಸೆಂಟ್ರಿಂಗ್ ಮೇಸ್ತ್ರಿ, ತಾರಸಿ ಹಾಕುವ ಮುಂಚೆ ಅಚ್ಚು ಕಟ್ಟುವ ಕೆಲಸ. ದಿನವೆಲ್ಲ ಶೀಟು, ಜಾಕಿ ಹೊತ್ತು ದಣಿದು ಬಂದರೂ ನೀರಿನ ಕೊಡ ನಾನು ಮುಟ್ಟುವ ಹಾಗಿಲ್ಲ. ಸಿಲಿಂಡರು ಇವರೇ, ಅಕ್ಕಿ ಮೂಟೆ ಇವರೇ, ಬಸ್ ಸ್ಟಾಪಿನವರೆಗೆ ನನ್ನ ಊಟದ ಬ್ಯಾಗೂ ಇವರೇ. ಪ್ರೀತಿ ಅದು. ಗೊತ್ತು. ಆದರೆ ಗಂಡನ ಪ್ರೀತಿಯಲ್ಲಿ ಕೂತು ಕೂತು ನಾನೇ ಒಂದು ರೋಗವಾಗಿಬಿಟ್ಟಿದ್ದೆ. ಇವತ್ತು ಐವತ್ತೆಂಟು ಕೆಜಿ ಎತ್ತಿದೆ, ನನ್ನದೇ ಐವತ್ತೆಂಟು ಕೆಜಿ.

ಇದನ್ನು ಯಾರಿಗೂ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 4, ಮಂಗಳವಾರ

ಒಳತೊಡೆ ಎರಡೂ ಕಡೆ ನೀಲಿ ಹೋಗಿ ಕಪ್ಪಾಗಿದೆ. ಮಂಡಿ ಹಿಂದೆ ಒಂದು, ಕಂಕುಳ ಕೆಳಗೆ ಒಂದು. ಎಲ್ಲರಿಗೂ ಆಗುತ್ತದೆ, ಆರು ತಿಂಗಳಿಗೆ ಚರ್ಮ ಹದಕ್ಕೆ ಬರುತ್ತದೆ ಎನ್ನುತ್ತಾರೆ ಮೇಡಂ. ಇವರು ಹತ್ತಿರ ಬಂದರೆ ಸೊಂಟನೋವು ಎನ್ನುತ್ತೇನೆ. ಪಾಪ, ಮುಲಾಮು ತಂದುಕೊಟ್ಟು ಆ ಕಡೆ ತಿರುಗಿ ಮಲಗುತ್ತಾರೆ. ಒಂದು ತಿಂಗಳಾಯಿತು.

ಮಾರ್ಚ್ 16, ಭಾನುವಾರ

ಹೇಳಿಬಿಡೋಣ ಎಂದುಕೊಂಡೆ. ಅರಕಲಗೂಡಿನ ಹಾಸ್ಟೆಲಿಂದ ಮಗಳು ಬಂದಿದ್ದಳು, ಮೂವರೂ ಟಿವಿ ಮುಂದೆ. ಯಾವುದೋ ಹಾಡು. ಬಾರು, ಕೆಂಪು ಲೈಟು, ಕಂಬ ಹಿಡಿದು ಕುಣಿಯುವ ಹುಡುಗಿಯರು. ಇವರು ಮಗಳ ಮುಖ ನೋಡದೆ ರಿಮೋಟ್ ಒತ್ತಿದರು. ಬಾಯಿಗೆ ಬಂದದ್ದು ನುಂಗಿಕೊಂಡೆ.

ಮಾರ್ಚ್ 30, ಭಾನುವಾರ — ಯುಗಾದಿ, ಹಳೇಕೋಟೆ

ತವರಿಗೆ ಬರಲೇಬಾರದಿತ್ತು.

ಎಣ್ಣೆ ಬೇಡ ಎಂದೆ. ಶೀತವಾಗಿದೆ ಎಂದೆ. ಹಬ್ಬದ ದಿನ ಎಣ್ಣೆ ಮುಟ್ಟದ ಮಗಳು ಎಲ್ಲಾದರೂ ಇದ್ದಾಳೆಯೇ ಎಂದು ಅವ್ವ ಬಚ್ಚಲಿಗೆ ಎಳೆದುಕೊಂಡೇ ಹೋದಳು. ನೆತ್ತಿಗೆ ಹರಳೆಣ್ಣೆ ಇಟ್ಟು ತಟ್ಟಿದಳು. ಬೆನ್ನು, ತೋಳು. ನಾನು ಕಾಲು ಮಡಚಿಕೊಂಡು ಕೂತೆ. ಕಾಲು ನೀಡು ಎಂದು ಪೆಟಿಕೋಟು ಸರಿಸಿದವಳ ಕೈ ಅಲ್ಲೇ ನಿಂತಿತು.

"ಯಾರವ್ವ ಇಂಗ್ ಮಾಡ್ದೋರು?"

ಬಿದ್ದೆ ಎಂದೆ.

"ಬಿದ್ರೆ ತೊಡೆ ಒಳ್ಗಡೆ ಆಯ್ತದಾ?"

ಅವ್ವನಿಗೆ ಪೋಲ್ ಡ್ಯಾನ್ಸ್ ಎಂಬುದನ್ನು ಯಾವ ಮಾತಿನಲ್ಲಿ ಹೇಳಲಿ? ಕುಣಿಯೋದು ಎನ್ನಲೇ? ಈ ವಯಸ್ಸಿನಲ್ಲಿ, ಚಡ್ಡಿಯಲ್ಲಿ, ಆ ಆಪರೇಷನ್ ಆದ ಮೈಯಲ್ಲಿ? ಪೆಟಿಕೋಟು ಎಳೆದುಕೊಂಡೆ. ಅವ್ವ ಆ ಜಾಗ ಮಾತ್ರ ಬಿಟ್ಟು ಉಳಿದ ಕಡೆಯೆಲ್ಲ ಎಣ್ಣೆ ತಿಕ್ಕಿ, ಅಳುತ್ತಲೇ ಬಿಸಿನೀರು ಹುಯ್ದಳು. ಹೋಳಿಗೆ ಬಡಿಸುವಾಗ ಇವರ ಎಲೆಗೆ ತುಪ್ಪ ಹಾಕಲಿಲ್ಲ. ಇವರು ಗಮನಿಸಲೂ ಇಲ್ಲ.

ಏಪ್ರಿಲ್ 2, ಬುಧವಾರ

ನಟರಾಜು ಇವರಿಗೆ ಹೊಡೆದ.

ನನ್ನ ಬೆನ್ನಿಗೆ ಬಿದ್ದ ತಮ್ಮ. ಭಾವ ಎಂದರೆ ಎದ್ದು ನಿಲ್ಲುತ್ತಿದ್ದವನು. ಅವ್ವನ ಮಾತು ಕೇಳಿ ಬೂವನಹಳ್ಳಿಯ ಸೈಟಿಗೆ ಬೈಕಿನಲ್ಲಿ ಹೋಗಿ, ಏಣಿಯಿಂದ ಕೆಳಗಿಳಿಸಿ, ಏಳೆಂಟು ಜನ ಕೂಲಿಯವರ ಎದುರಿಗೆ ಕೆನ್ನೆಗೆ ಬಿಟ್ಟನಂತೆ. ಅಕ್ಕನ ತೊಡೆಯೆಲ್ಲ ಕಪ್ಪಾಗಿಸಿದ್ದೀಯಲ್ಲ, ಮನುಷ್ಯನಾ ನೀನು ಎಂದನಂತೆ. ಇದನ್ನೆಲ್ಲ ನಟರಾಜುವೇ ಫೋನಿನಲ್ಲಿ ಹೇಳಿದ, ದೊಡ್ಡ ಕೆಲಸ ಮಾಡಿಬಂದವನ ದನಿಯಲ್ಲಿ. ಇಲ್ಲ ಕಣೋ, ಅವರಲ್ಲ ಎಂದೆ. ಹೆದರಬೇಡ ಅಕ್ಕ, ನಾನಿದ್ದೀನಿ ಎಂದು ಇಟ್ಟ.

ಇವರು ಏಳಕ್ಕೆ ಬಂದರು. ಕೆನ್ನೆ ಊದಿತ್ತು. ಕೈಕಾಲು ತೊಳೆದು ಊಟಕ್ಕೆ ಕೂತರು. ಬಯ್ಯಲಿಲ್ಲ, ಕೂಗಾಡಲಿಲ್ಲ. ಅರ್ಧ ಮುದ್ದೆ ಆದ ಮೇಲೆ ತಲೆ ಎತ್ತದೆ ಕೇಳಿದರು.

"ನೋಯ್ತದಾ?"

ಇಲ್ಲ ಎಂದೆ. ಕಾದರು. ತಟ್ಟೆ ಒಣಗುವವರೆಗೂ ಕಾದರು. ನಾನು ಎದ್ದು ಪಾತ್ರೆ ತೊಳೆಯಲು ಹೋದೆ. ಹೇಳಿದರೆ ನಾಳೆಯಿಂದ ಆ ಮೆಟ್ಟಿಲು ಹತ್ತುವ ಹಾಗಿಲ್ಲ — ಆ ಹೊತ್ತಿನಲ್ಲೂ ನನಗೆ ಬಂದ ಯೋಚನೆ ಅದೊಂದೇ. ಥೂ.

ನಾಳೆ ಹೇಳುತ್ತೇನೆ.

ಏಪ್ರಿಲ್ 3

ಹೇಳಲಿಲ್ಲ.

ಏಪ್ರಿಲ್ 6, ಭಾನುವಾರ

ಹಳೇಕೋಟೆಯಲ್ಲಿ ನ್ಯಾಯ ಸೇರಿಸಿದರು. ನಮ್ಮ ಮನೆ ಜಗಲಿ ಮೇಲೆ ಬೋರಪ್ಪ ದೊಡ್ಡಪ್ಪ, ಅಪ್ಪನ ಅಣ್ಣ, ಈಗ ನಮಗೆಲ್ಲ ಹಿರಿಯ. ಅಕ್ಕಪಕ್ಕದ ಹತ್ತು ಜನ. ಇವರನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಅಳಿಯನಾಗಿ ಹದಿನೇಳು ವರ್ಷವಾದವರಿಗೆ ಒಂದು ಚಾಪೆ ಹಾಕಲಿಲ್ಲ.

ದೊಡ್ಡಪ್ಪ ನನ್ನನ್ನು ಬಾಗಿಲಿಗೆ ಕರೆಸಿದರು.

"ಒಡುದ್ನೇನವ್ವಾ ಶಿವರಾಜು? ಎದುರ್ಬ್ಯಾಡ, ಯೋಳು."

"ಇಲ್ಲ ದೊಡ್ಡಪ್ಪ. ಅವರು ಒಂದು ಏಟೂ ಹೊಡೆದಿಲ್ಲ."

"ಎಲ್ಲಾ ಎಣ್ಮಕ್ಳೂ ಇಂಗೇ ಅನ್ನೋದು," ಎಂದರು ದೊಡ್ಡಪ್ಪ, ಜನರ ಕಡೆ ತಿರುಗಿ. ಎಲ್ಲರೂ ತಲೆ ಆಡಿಸಿದರು. ನಾನು ಹೇಳಿದ ಒಂದೇ ಒಂದು ನಿಜ ಹಾಗೆ ಮಣ್ಣುಪಾಲಾಯಿತು. ಹೊಡೆಸಿಕೊಂಡವರು ಹೇಳುವ ಮಾತನ್ನೇ ಹೊಡೆಸಿಕೊಳ್ಳದ ನಾನೂ ಹೇಳಿದ್ದೆ.

ಹಾಗಾದರೆ ಆ ಜಾಗದಲ್ಲಿ ಹೇಗಾಯಿತು ಎಂದು ಪಕ್ಕದ ಮನೆ ಸಣ್ಣಯ್ಯ ಕೇಳಿದ. ಕೇಳಿದ ರೀತಿ ಬೇರೆಯಾಗಿತ್ತು. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಈಗ, ಈಗ ಹೇಳಬೇಕಿತ್ತು. ತುಟಿ ಬಿಚ್ಚಿದೆ ಎಂದೇ ನೆನಪು. ಇವರು ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಒಂದು ಹೆಜ್ಜೆ ಮುಂದೆ ಬಂದರು.

"ನಾನೇ ಒಡುದಿದ್ದು. ತಪ್ಪಾಯ್ತು. ಅವ್ಳುನ್ ಏನೂ ಕೇಳ್ಬ್ಯಾಡಿ."

ಅವ್ವನ ಕಾಲಿಗೆ ಬೀಳು ಎಂದರು. ಬಿದ್ದರು. ನಟರಾಜು ಮೀಸೆ ತಿರುವಿದ.

ಏಪ್ರಿಲ್ 7, ಸೋಮವಾರ

ಬಸ್ಸಿನಲ್ಲಿ ಹೊಳೆನರಸೀಪುರ ದಾಟುವವರೆಗೂ ಇವರು ಕಿಟಕಿಯ ಕಡೆಗೇ. ಮನೆಗೆ ಬಂದು ಬಟ್ಟೆ ಬ್ಯಾಗಿಗೆ ತುಂಬಿಕೊಂಡರು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ, ಕೇಳುವ ಮುಖ ಇಟ್ಟುಕೊಂಡು.

"ಯಾರು ಅಂತ ಕೇಳಕ್ಕಿಲ್ಲ ನಾನು. ಅಲ್ಲಿ ನಿನ್ ಬಾಯಲ್ಲಿ ಬರೋದು ಬ್ಯಾಡ ಅಂತ ಅಂಗಂದೆ."

ಯಾರು? — ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಾನು ಮುಟ್ಟಿಲ್ಲ ಎಂದು ಇವರಿಗೆ ಗೊತ್ತು. ಎರಡು ತಿಂಗಳಿಂದ ನಾನು ಹತ್ತಿರ ಸೇರಿಸಿಲ್ಲ ಎಂದೂ ಗೊತ್ತು. ಮುಂಜಾನೆ ಆರಕ್ಕೆ ನಾನು ಮನೆ ಬಿಡುವುದೂ ಗೊತ್ತು. ಬೇರೊಬ್ಬ ಗಂಡಸು ಇದ್ದಾನೆ ಎಂದುಕೊಂಡರು. ಹಾಗೆಂದುಕೊಂಡೂ ನನ್ನ ಮಾನ ಹೋಗದಿರಲಿ ಎಂದು ಅವ್ವನ ಕಾಲಿಗೆ ಬಿದ್ದರು.

ಯಾರೂ ಇಲ್ಲ, ನಿಮ್ಮಾಣೆ ಇಲ್ಲ ಎಂದು ಬ್ಯಾಗು ಹಿಡಿದು ಎಳೆದೆ. ಭಾರ ಎಳೀಬ್ಯಾಡ ಎಂದು ಮೆಲ್ಲಗೆ ಬಿಡಿಸಿಕೊಂಡು ಹೋದರು. ಸೈಟಿನ ಶೆಡ್ಡಿನಲ್ಲಿ ಮಲಗುತ್ತಾರಂತೆ.

ಏಪ್ರಿಲ್ 20, ಭಾನುವಾರ

ಹದಿಮೂರು ದಿನ. ಫೋನ್ ಎತ್ತುವುದಿಲ್ಲ. ಪ್ರತಿ ಎರಡನೇ ದಿನ ನಾನು ಕಚೇರಿಯಲ್ಲಿರುವಾಗ ಬಂದು ನೀರು ತುಂಬಿಸಿಟ್ಟು ಹೋಗುತ್ತಾರೆ. ಕೊಡಕ್ಕೆ ಮುಚ್ಚಳವನ್ನೂ ಮುಚ್ಚಿರುತ್ತಾರೆ.

ಇವತ್ತು ಬೂವನಹಳ್ಳಿಗೇ ಹೋದೆ. ಮರಳಿನ ರಾಶಿಯ ಹತ್ತಿರ ನಿಲ್ಲಿಸಿ ಎಲ್ಲ ಹೇಳಿದೆ. ಕಂಬ, ಕ್ಲಾಸು, ಚಡ್ಡಿ, ಗುರುತು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳಲು ಹಿಡಿದದ್ದು ಐದೇ ನಿಮಿಷ. ಇವರು ನಕ್ಕರು. ನಗು ಎನ್ನಲಾಗದು ಅದನ್ನು. ಇದಕ್ಕಿಂತ ಒಳ್ಳೆ ಸುಳ್ಳು ಸಿಗಲಿಲ್ಲವಾ ಎಂದರು. ಒಂದು ಫೋಟೋ ಇಲ್ಲ ತೋರಿಸಲು. ಒಂದೇ ಸಲ ಬಂದು ನೋಡಿ, ಆಮೇಲೆ ನಿಮ್ಮಿಷ್ಟ ಎಂದು ಕೂಲಿಯವರ ಎದುರೇ ಕೈ ಮುಗಿದೆ.

ಏಪ್ರಿಲ್ 22, ಮಂಗಳವಾರ

ಬಂದರು. ನಿಸರ್ಗ ಮೇಡಂ ಉಳಿದಿಬ್ಬರನ್ನು ಬರಬೇಡಿ ಎಂದಿದ್ದರು. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ. ಇವರು ಸಿಮೆಂಟು ಮೆತ್ತಿದ ಚಪ್ಪಲಿ ಹೊರಗೆ ಬಿಟ್ಟು, ಯಾವುದೋ ಕಚೇರಿಗೆ ಸಹಿ ಹಾಕಲು ಬಂದವರ ಹಾಗೆ ತುದಿಯಲ್ಲಿ ಕೂತರು.

ಚಡ್ಡಿಯಲ್ಲಿ ನಿಂತೆ. ಮದುವೆಯಾಗಿ ಹದಿನೇಳು ವರ್ಷವಾದ ಗಂಡನ ಎದುರೇ ಚಡ್ಡಿಯ ಅಂಚು ಕೆಳಗೆ ಎಳೆದುಕೊಂಡೆ. ಎರಡು ವಾರ ಅಭ್ಯಾಸವಿಲ್ಲ, ಸರಿಯಾಗಿ ಊಟವಿಲ್ಲ. ಮೊದಲ ಸಲ ಜಾರಿ ಕೆಳಗೆ ಬಂದೆ. ಕುರ್ಚಿ ಕಿರ್ ಎಂದಿತು — ಹಿಡಿಯಲು ಎದ್ದಿದ್ದರು. ಕೂತ್ಕೊಳ್ಳಿ ಎಂದೆ. ಎರಡನೇ ಸಲವೂ ಜಾರಿತು. ಅಂಗೈ ಬೆವರು ಒರೆಸಿ ಮೂರನೇ ಸಲ ಹಿಡಿದೆ. ಹತ್ತಿದೆ. ಹಲ್ಲು ಕಚ್ಚಿ ತೊಡೆ ಅವುಚಿದೆ, ಕೈ ಬಿಟ್ಟೆ. ಹಳೆ ಗುರುತಿನ ಮೇಲೇ ಉರಿ ಎದ್ದಿತು. ನೋಡಿ ಎಂದೆ ಮೇಲಿನಿಂದ. ಕಂಬ ಎಲ್ಲಿ ಒತ್ತುತ್ತದೆ, ನೋಡಿ.

ನೋಡಿದರು. ಬಹಳ ಹೊತ್ತು. ಮೇಡಂಗೆ ಕೈ ಮುಗಿದು ಕೆಳಗಿಳಿದರು. ಸೀರೆ ಸುತ್ತಿಕೊಂಡು ಓಡಿದೆ. ಸ್ಕೂಟರಿನ ಹತ್ತಿರ ನಿಂತಿದ್ದರು. ನಂಬಿದರು, ಇನ್ನೆಲ್ಲ ಸರಿಹೋಯಿತು ಎಂದುಕೊಂಡ ನನ್ನಂಥ ಮೂರ್ಖಳಿಲ್ಲ.

"ಬ್ಯಾರೆ ಯಾವನೋ ಅವ್ನೆ ಅನ್ಕಂಡಿದ್ದೆ. ಅವ್ನುನ್ ಕಾಪಾಡಕೆ ಬಾಯ್ ಮುಚ್ಕಂಡಿದ್ದೀಯ ಅಂತ. ಉರೀತಿತ್ತು, ಆದ್ರೂ ಅದೊಂದು ಅರ್ಥ ಆಯ್ತಿತ್ತು ನಂಗೆ." ಸ್ಕೂಟರಿನ ಕೀ ನೋಡುತ್ತ ನಿಂತರು. "ಒಂದು ಕಂಬುಕ್ಕೆ ನನ್ ಬುಟ್ಕೊಟ್ಯಲ್ಲ, ಧನಾ."

ಕಂಬಕ್ಕಲ್ಲ, ಭಯಕ್ಕೆ ಎನ್ನಬೇಕಿತ್ತು. ಅಷ್ಟರಲ್ಲಿ ಗಾಡಿ ತಿರುವಿನಲ್ಲಿತ್ತು. ಭಯಕ್ಕೆ ಎಂದಿದ್ದರೂ ಅರ್ಧ ಸುಳ್ಳೇ ಆಗುತ್ತಿತ್ತು.

ಏಪ್ರಿಲ್ 23

ಕೊಡ ಖಾಲಿ. ನಾನೇ ತುಂಬಿಸಿದೆ. ಏನೂ ಆಗಲಿಲ್ಲ ಮೈಗೆ.

ಏಪ್ರಿಲ್ 27, ಭಾನುವಾರ — ಹಳೇಕೋಟೆ, ಬೆಳಗ್ಗೆ ಹತ್ತೂವರೆ

ಅವ್ವನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವತ್ತು ಇದ್ದವರೆಲ್ಲ ಬರಬೇಕು, ಒಬ್ಬರೂ ತಪ್ಪಬಾರದು ಎಂದು ನಟರಾಜುಗೆ ಹೇಳಿದ್ದೆ. ಮತ್ತೆ ಹೊಡೆದರಾ ಭಾವ ಎಂದು ಹಾರಾಡಿದ. ಬಂದು ಕೇಳು ಎಂದೆ. ಇವರಿಗೂ ಹೇಳಿಕಳಿಸಿದೆ. ಇವತ್ತು ತಾರಸಿಗೆ ಮೋಲ್ಡ್ ಹಾಕುವ ದಿನ, ಬಿಟ್ಟು ಬರಲಾಗುವುದಿಲ್ಲ ಎಂದು ಉತ್ತರ ಬಂತು. ಬರುವುದಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಮೇಡಂಗೂ ಹೇಳಿದೆ. ಕಟ್ಟಡದವರಿಗೆ ಗೊತ್ತಾದರೆ ಖಾಲಿ ಮಾಡಿಸುತ್ತಾರೆ ಎಂದರು. ಆದರೂ ಹೇಳಿ ಅಕ್ಕ ಎಂದರು. ಇಲ್ಲಿ ಆಡಿದ ಮಾತು ನಾಳೆ ಮಧ್ಯಾಹ್ನಕ್ಕೆ ಹಾಸನದಲ್ಲಿರುತ್ತದೆ. ಕಚೇರಿಯಲ್ಲಿ ಟೀ ಜೊತೆ ನನ್ನನ್ನೂ ಹಂಚಿಕೊಳ್ಳುತ್ತಾರೆ. ಮಗಳ ಹಾಸ್ಟೆಲಿಗೂ ಹೋಗಬಹುದು. ಹೋಗಲಿ. ನನಗೆ ಇವರೂ ಬೇಕು, ಆ ಕಂಬವೂ ಬೇಕು. ಎರಡೂ ಸಿಗದೆ ಹೋಗಬಹುದು ಎಂದು ಗೊತ್ತಿದ್ದೂ ಬಂದಿದ್ದೇನೆ. ಇವರು ಮಾಡದ ತಪ್ಪು ಇವರ ಹೆಸರಿನಲ್ಲಿ ಇನ್ನೊಂದು ದಿನ ಈ ಊರಿನಲ್ಲಿ ಇರಬಾರದು, ಅಷ್ಟೇ.

ಜಗಲಿ ತುಂಬಿದೆ. ದೊಡ್ಡಪ್ಪ ಕೆಮ್ಮಿದ್ದು ಕೇಳಿಸಿತು. ಸಣ್ಣಯ್ಯನೂ ಬಂದಿದ್ದಾನೆ, ಎಲ್ಲರಿಗಿಂತ ಮುಂದೆ. ಅವ್ವ ಬಾಗಿಲಲ್ಲಿ ಬಂದು ನಿಂತಳು.

"ಬಾರವ್ವ, ಎಲ್ಲಾ ಕಾಯ್ತಾವ್ರೆ."

ಬಂದೆ ಎಂದೆ. ಅಲ್ಲಿ ಹೋದರೆ ಬಾಯಿ ಒಣಗುತ್ತದೆ. ಮೊದಲ ಮಾತು ಬರೆದುಕೊಂಡೇ ಹೋಗುತ್ತೇನೆ, ಹಾಳೆ ನೋಡಿಯಾದರೂ ಓದುತ್ತೇನೆ —

ಶಿವರಾಜು ನನ್ನ ಮೇಲೆ ಯಾವತ್ತೂ ಕೈ ಮಾಡಿಲ್ಲ. ಆ ಗುರುತು ನಾನೇ ಮಾಡಿಕೊಂಡದ್ದು. ದಿನಾ ಬೆಳಗ್ಗೆ ಹಾಸನದಲ್ಲಿ ನಾನು ಚಡ್ಡಿ ಹಾಕಿಕೊಂಡು ಒಂದು ಕಂಬ ಹತ್ತುತ್ತೇನೆ.