ಒಂದು ರೂಮಿನ ಮನೆ ಸಿಕ್ಕಿತು

ದೊಡ್ಡಬಳ್ಳಾಪುರ
ಭಾನುವಾರ, 17-11-2024

ಪ್ರೀತಿಯ ಅತ್ತೆಯವರಿಗೆ ಬನಶಂಕರಿಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಸಾಸಲಿನಲ್ಲಿ ಈಗ ಚಳಿ ಹೆಚ್ಚು, ಸಾಕ್ಸ್ ಹಾಕಿಕೊಂಡೇ ಮಲಗಿ. ಅಳಿಯನ ಮನೆ ಎಂದು ಸಂಕೋಚಪಟ್ಟು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳದೆ ಎದ್ದುಬಿಡುತ್ತೀರಂತೆ, ಪದ್ಮಶ್ರೀ ಹೇಳಿದಳು. ಹಾಗೆ ಮಾಡಬೇಡಿ, ಅವಳು ನೀವು ಹೆತ್ತ ಮಗಳೇ ಅಲ್ಲವೇ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಮಗ ತೀರಿಕೊಂಡ ನಕ್ಷತ್ರ ಸರಿಯಿಲ್ಲ, ಮನೆಗೆ ಆರು ತಿಂಗಳು ಬೀಗ ಹಾಕಬೇಕು ಎಂದು ಪುರೋಹಿತರು ಹೇಳಿದಾಗ ನೀವೂ ಅಲ್ಲೇ ಕುಳಿತಿದ್ದಿರಿ. ಬೇರೆ ಮನೆ ಸಿಕ್ಕಿದ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ನಿಮ್ಮನ್ನು ಬಸ್ಸು ಹತ್ತಿಸಿದೆ. ಆಮೇಲೆ ಓನರ್ ಕೋದಂಡರಾಮಯ್ಯ ಬಾಗಿಲಲ್ಲಿ ನಿಂತು, “ಬಾಡಿಗೆ ಹೋಗೋದು ನಮಗೆ ಕಣಮ್ಮ, ನೀನ್ಯಾಕೆ ಅಳ್ತೀಯ?” ಎಂದರು. ಪಾತ್ರೆಗಳನ್ನು ಮೂಟೆ ಕಟ್ಟಿ ನಾನು ಕೆಲಸ ಮಾಡುವ ಮಗ್ಗದ ಶೆಡ್ಡಿಗೆ ಸಾಗಿಸಿದೆ. ಈಗ ಅಲ್ಲೇ ನೂಲಿನ ಚೀಲಗಳ ಪಕ್ಕ ಮಲಗುತ್ತೇನೆ.

ಕೆಲಸ ಬಿಟ್ಟ ಮೇಲೆ ದಿನವೂ ಮನೆ ಹುಡುಕಿದೆ. ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ಗೇಟು ತಟ್ಟಿದೆ. ಇದ್ದ ಮನೆ ಯಾಕೆ ಬಿಟ್ಟಿರಿ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನಾನೋ, ನಕ್ಷತ್ರದ ವಿಷಯವನ್ನೂ ಬಿಡದೆ ಹೇಳಿಬಿಡುತ್ತಿದ್ದೆ. ಒಬ್ಬಾಕೆಯಂತೂ ನಾನು ವಾಪಸ್ಸು ಗೇಟು ದಾಟುವ ಮೊದಲೇ, ನಾನು ನಿಂತಿದ್ದ ಮೆಟ್ಟಿಲಿಗೆ ಒಂದು ಬಕೆಟ್ ನೀರು ಸುರಿದಳು. ಜೊತೆಯಲ್ಲಿ ಕೆಲಸ ಮಾಡುವ ಮಮತ ಇದನ್ನು ಕೇಳಿ, “ಅಕ್ಕ, ಅದನ್ನೇ ಒಂದು ಬೋರ್ಡ್ ಬರೆಸಿ ಕತ್ತಿಗೆ ನೇತಾಕ್ಕೊಂಬಿಡು!” ಎಂದು ಬೈದಳು. ನಗು ಬಂದುಬಿಟ್ಟಿತು. ಇವರು ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು, ನಿಮಗೆ ಹೇಳಿದರೆ ತಪ್ಪು ತಿಳಿಯುವುದಿಲ್ಲ ಎಂದು ಬರೆದೆ.

ಕೊನೆಗೆ ರೈಲ್ವೆ ಸ್ಟೇಷನ್ ಆಚೆಯ ಹೊಸ ಲೇಔಟಿನಲ್ಲಿ, ಲಕ್ಷ್ಮೀದೇವಮ್ಮ ಎನ್ನುವವರ ಮನೆಯ ಹಿಂಭಾಗ ಸಿಕ್ಕಿದೆ. ಹಳೆಯ ಓನರ್ ಮಗನಿಗೆ ಮದುವೆ, ಅವರಿಗೇ ಮನೆ ಬೇಕಂತೆ ಎಂದು ಮಮತ ಹೇಳಿಕೊಟ್ಟಂತೆ ಹೇಳಿದೆ. ಒಂದು ರೂಮು, ಹಾಲ್, ಅಡುಗೆಮನೆ. ಬಾಡಿಗೆ ನನ್ನ ಸಂಬಳಕ್ಕೆ ಹೊಂದುತ್ತದೆ. ಬಚ್ಚಲು ಒಳಗೇ ಇದೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ರೂಮಿನೊಳಗೆ ಬೆಳಗಿನ ಬಿಸಿಲು ಗೋಡೆಯ ತನಕ ಬರುತ್ತದೆ, ಅಲ್ಲಿ ಕಾಲು ಚಾಚಿ ಕುಳಿತರೆ ಮಂಡಿಗೆ ಎಷ್ಟು ಹಿತ ಎಂದುಕೊಂಡೆ. ನಾಳೆ ಸಾಮಾನು ಸಾಗಿಸುತ್ತೇನೆ.

ಪದ್ಮಶ್ರೀಗೂ ಅವಳ ಮನೆಯವರಿಗೂ ಕೇಳಿದೆನೆಂದು ಹೇಳಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಸೊಸೆ,
ಬನಶಂಕರಿ

ಇನ್ನೊಂದು ಮಾತು. “ವಯಸ್ಸಾದೋರಿದ್ರೆ ಮನೆ ಕೊಡಲ್ಲಮ್ಮ. ಕೆಟ್ಟ ಗಳಿಗೇಲಿ ಹೋಗ್ಬಿಟ್ರೆ ನಾವು ಮನೆ ಮುಚ್ಕೊಂಡು ಕೂರಬೇಕು. ನಿಮ್ಮತ್ತೆ ಇದಾರಾ?” ಎಂದು ಲಕ್ಷ್ಮೀದೇವಮ್ಮ ಕೇಳಿದರು. ಇಲ್ಲ, ಹೋದ ವರ್ಷವೇ ತೀರಿಕೊಂಡರು ಎಂದೆ. ಪಾಪ ಎಂದು ಕಾಫಿ ಕೊಟ್ಟರು. ಕುಡಿದೆ. ಬಟ್ಟೆ ಗಂಟು ಕಟ್ಟಿದ್ದರೆ ಬಿಚ್ಚಿಡಿ. ಮನೆ ನೋಡಿಕೊಂಡು ಹೋಗಲೆಂದೂ ಬರಬೇಡಿ.