ಲಸಿಕೆ ಫ್ರಿಜ್ಜಿನಲ್ಲಿ ಇಲಿಶ್ ಮೀನು

ಮಾನ್ಯ ಡಾಕ್ಟರ್ ಸಾಹೇಬರಿಗೆ, ಚರ್‌ಮಾಧವ ಆರೋಗ್ಯ ಕೇಂದ್ರದ ನರ್ಸ್ ಶಾಹೀದಾಳ ಸಲಾಂ.

ನಿಮ್ಮ ಅಳಿಯನಿಗೆಂದು ತರಿಸಿದ ಆರು ಇಲಿಶ್ ಮೀನು ನಮ್ಮ ಲಸಿಕೆ ಫ್ರಿಜ್ಜಿನಲ್ಲಿವೆ. ಬಾಲಗಳು ಅಡ್ಡ ಬಂದು ಎರಡು ದಿನದಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ. ಜವಾನ ಮೊತಾಲಿಬ್‌ಗೆ ತೆಗೆಯಲು ಹೇಳಿದರೆ, "ಸಾಹೇಬ್ರ ಮೀನು ಆಪಾ, ನಾನು ಮುಟ್ಟಲ್ಲ" ಎಂದ. ದಡಾರ ಲಸಿಕೆಯ ಬಾಟಲಿಗಳ ಮೇಲಿನ ಬಿಳಿ ಚೌಕ ಶಾಖಕ್ಕೆ ಕಪ್ಪಾಗಿದೆ. ಕಪ್ಪಾದದ್ದು ಕೆಲಸಕ್ಕೆ ಬಾರದು ಎಂದು ನನಗೆ ಕಲಿಸಿದವರು ನೀವೇ. ಆದರೆ ಫೋನಿನಲ್ಲಿ ಕೇಳಿದಾಗ, "ಯಾರು ನೋಡ್ತಾರೆ? ಚುಚ್ಚಿ ಕಳಿಸಮ್ಮ" ಎಂದಿರಿ.

ನಾನು ಚುಚ್ಚಲಿಲ್ಲ. ಹೊಳೆ ದಾಟಿ ದೋಣಿಯಲ್ಲಿ ಬಂದ ಹದಿನೇಳು ತಾಯಂದಿರನ್ನು ಮುಂದಿನ ವಾರ ಬನ್ನಿ ಎಂದು ಹಾಗೆಯೇ ವಾಪಸು ಕಳಿಸಿದೆ. ಬೈಸಿಕೊಂಡವಳು ನಾನು. ಹೋದ ವರ್ಷ ದಡಾರದಲ್ಲಿ ಮಗಳನ್ನು ಕಳೆದುಕೊಂಡ ಜೊಹುರಾ ಈ ಸಲ ಮಗನನ್ನು ಎತ್ತಿಕೊಂಡು ಬಂದಿದ್ದಳು. "ಮುಂದಿನ ವಾರದವರೆಗೆ ಇವನಿಗೇನೂ ಆಗಲ್ವಲ್ಲ ಆಪಾ?" ಎಂದು ಕೇಳಿದಳು. ಅವಳಿಗೆ ನೀವೇ ಉತ್ತರ ಕೊಡಿ.

ದಯವಿಟ್ಟು ಮೀನು ಒಯ್ಯಿರಿ, ಹೊಸ ಬಾಟಲಿ ಕಳಿಸಿ. ಅಳಿಯನ ಜೊತೆ ನಾಳೆ ನಿಮ್ಮ ಮಗಳೂ ಬರುತ್ತಾಳಂತೆ, ಮೊಮ್ಮಗನಿಗೆ ಇಲ್ಲೇ ದಡಾರದ ಲಸಿಕೆ ಹಾಕಿಸುತ್ತಾಳಂತೆ. ಕಪ್ಪು ಚೌಕದ ಒಂದು ಬಾಟಲಿಯನ್ನು ಅವನಿಗೆಂದು ಎತ್ತಿಟ್ಟಿದ್ದೇನೆ. ಚುಚ್ಚಿ ಕಳಿಸಲೇ? ಬರೆದು, ಸಹಿ ಹಾಕಿ ತಿಳಿಸಿ.

ನಿಮ್ಮ ಕೈಬರಹಕ್ಕೆ ಕಾದಿರುವ,
ಶಾಹೀದಾ ಖಾತೂನ್