ಗರಿ ಸೋಕಿದಾಗ ಕಿನ್ನಿ ನಕ್ಕಳು

ಮಣ್ಣಗುಡ್ಡ, ಮಂಗಳೂರು

ಭಾವಾ,

ಮದುವೆಯ ದಿನ ನನ್ನ ತಂಗಿ ಕಿನ್ನಿಗೆ ನೀವು ಮಾತು ಕೊಟ್ಟದ್ದು ಮನೆ, ಒಲೆ, ಬಾವಿಕಟ್ಟೆ. ಅವಳ ತೋಳಿನಲ್ಲಿ ಬಿಳಿ ಮಚ್ಚೆ ಕಂಡೊಡನೆ ಕುಷ್ಠವೆಂದು ಮೂರನ್ನೂ ಕಿತ್ತುಕೊಂಡು ಹೊರಗೆ ಹಾಕಿದಿರಿ. ಇಲ್ಲಿನ ತಾರಾನಾಥ ಡಾಕ್ಟರಿಗೆ ಮದ್ರಾಸಿನ ಒಂದು ಕಾಲೇಜು ಮಾತು ಕೊಟ್ಟದ್ದು ಚರ್ಮರೋಗದ ಪ್ರೊಫೆಸರ್ ಕುರ್ಚಿ. ಅದರಲ್ಲಿ ಕೂರಿಸಿದ್ದು ಒಬ್ಬ ಬಿಳಿಯ ದೊರೆಯನ್ನು. ಡಾಕ್ಟರು ಊರಿಗೆ ಬಂದು ತಮ್ಮ ಜಗಲಿಯಲ್ಲೇ ಎಳೆಯ ಡಾಕ್ಟರುಗಳಿಗೆ ಕಲಿಸುತ್ತಿದ್ದಾರೆ. "ಕಲಿಸ್ಲಿಕ್ಕೆ ಕುರ್ಚಿ ಎಂತಕ್ಕೆ ಮಾರಾಯ್ರೆ? ಬೆಳಕು ಉಂಟಲ್ಲ!" ಎಂದರು.

ಕಿನ್ನಿಯ ಕಣ್ಣಿಗೆ ಬಟ್ಟೆ ಕಟ್ಟಿ, ಕೋಳಿಯ ಗರಿಯಿಂದ ಮಚ್ಚೆಯನ್ನು ಸವರಿದರು. ಅವಳು ಕಿಲಕಿಲ ನಕ್ಕಳು. "ಕಚಗುಳಿ ಆಗ್ತದೆ!"

"ಕುಷ್ಠ ಆದ್ರೆ ಆ ಜಾಗಕ್ಕೆ ಗರಿ ಗೊತ್ತಾಗುದಿಲ್ಲ. ಇದು ಬರೀ ಚಿಬ್ಬು, ಮುಲಾಮು ಹಚ್ಚಿದ್ರೆ ಹೋಗುವ ಚರ್ಮದ ಕಲೆ. ಕುಷ್ಠವೇ ಆಗಿದ್ರೂ ಹೊರಗೆ ಹಾಕ್ಲಿಕ್ಕೆ ಅವರು ಯಾರು?" ಎನ್ನುತ್ತ ಡಾಕ್ಟರು ಬರಿಗೈಯಲ್ಲಿ ಅವಳ ತೋಳು ಹಿಡಿದರು. ನಿಮ್ಮ ಮನೆಯಲ್ಲಿ ಯಾರೂ ಮುಟ್ಟದ ತೋಳು ಅದು.

ಗಂಧಕದ ಮುಲಾಮು ಹಚ್ಚುತ್ತಿದ್ದೇವೆ. ಈಗ ಹೊಟ್ಟೆತುಂಬ ಉಣ್ಣುತ್ತಾಳೆ. ಅಂಚೆಯವನೂ ಓದಲೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ. ಊರವರನ್ನೆಲ್ಲ ನಿಮ್ಮ ಅಂಗಳಕ್ಕೆ ಕರೆಯಿರಿ. ಕಿನ್ನಿ ಬರುತ್ತಾಳೆ, ಡಾಕ್ಟರೂ ಬರುತ್ತಾರೆ, ಗರಿಯೂ ಬರುತ್ತದೆ. ಆದಿತ್ಯವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಲೋಕಯ್ಯ